ಕಪ್ಪು ನಾಯಿಯ ಮೈ ಚಪ್ಪಟೆಯಾಗಿ ಕಾಣುವುದು ಯಾಕೆ?

ಪೆನ್ಸಿಲಿನಲ್ಲಿ ಬಿಡಿಸಿದ ಕಪ್ಪು ನಾಯಿಯ ಚಿತ್ರದಲ್ಲಿ ಕಣ್ಣು, ಮೂಗು ಚೆನ್ನಾಗಿ ಬಂದಿವೆ, ಕಪ್ಪು ಮೈ ಮಾತ್ರ ಹೊಳೆಯುವ ತಗಡಿನ ಹಾಗೆ ಕಾಣುತ್ತದೆ ಅಂತ ಕೇಳಿದ್ದೀರಿ. ಎಚ್‌ಬಿ ಪೆನ್ಸಿಲನ್ನೇ ಒತ್ತಿ ಒತ್ತಿ ಕಪ್ಪು ಮಾಡಿದ್ದೀರಿ, ಅಲ್ವಾ? ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಒತ್ತಿದಷ್ಟೂ ಹೊಳೆಯುತ್ತದೆ. ಕಾಗದದ ತರಿಯೂ ನುಣ್ಣಗಾಗಿ ಮುಂದಿನ ಪದರ ಹಿಡಿಯುವುದಿಲ್ಲ.

ಮೊದಲು ಗಟ್ಟಿಯಾದ, ತಿಳಿ ಗೆರೆ ಬರುವ 2ಎಚ್ ಪೆನ್ಸಿಲಿನಲ್ಲಿ ಕೂದಲಿನ ದಿಕ್ಕನ್ನಷ್ಟೇ ಹಗುರವಾಗಿ ಗುರುತಿಸಿ. ಮೂಗಿನ ಹತ್ತಿರ ಕೂದಲು ತುಂಬಾ ಗಿಡ್ಡ, ಅಲ್ಲಿಂದ ಹಣೆಯ ಕಡೆಗೆ ಹಿಂದಕ್ಕೆ ಮಲಗಿರುತ್ತದೆ. ಕುತ್ತಿಗೆಗೆ ಬರುವಾಗ ಸಾಮಾನ್ಯವಾಗಿ ಉದ್ದವಾಗುತ್ತದೆ. ಆಮೇಲೆ ಮೆತ್ತಗಿನ 2ಬಿ, ಕೊನೆಗೆ ಇನ್ನೂ ಮೆತ್ತಗೆ, ಕಪ್ಪಗೆ ಬರುವ 6ಬಿ. ಗೆರೆ ಮುಗಿಯುವಾಗ ಪೆನ್ಸಿಲನ್ನು ಮೆಲ್ಲಗೆ ಎತ್ತಿ, ತುದಿ ತಾನಾಗಿಯೇ ಚೂಪಾಗುತ್ತದೆ. ಮೊನೆ ಮಾತ್ರ ಆಗಾಗ ಚೂಪು ಮಾಡುತ್ತಿರಿ.

ಇನ್ನೊಂದು ಮಾತು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಕಪ್ಪು ನಾಯಿ ಪೂರ್ತಿ ಕಪ್ಪಗಿರುವುದಿಲ್ಲ. ನೀವು ನೋಡಿ ಬಿಡಿಸುತ್ತಿರುವ ಫೋಟೋವನ್ನು ಕಣ್ಣು ಅರ್ಧ ಮುಚ್ಚಿ ನೋಡಿ. ತಲೆಯ ಮೇಲೆ, ಕಿವಿಯ ಅಂಚಿನಲ್ಲಿ ಬೆಳಕು ಬಿದ್ದ ಕಡೆ ತಿಳಿ ಬೂದು ಕಾಣುತ್ತದೆ. ಆ ಜಾಗವನ್ನು ಮೊದಲಿನಿಂದಲೇ ಬಿಟ್ಟುಕೊಳ್ಳಿ. ಕಡುಕಪ್ಪು ಕಿವಿಯ ಒಳಗೆ, ದವಡೆಯ ಕೆಳಗೆ ಸಾಕು.

ಈಗಿರುವ ಚಿತ್ರವನ್ನು ದಯವಿಟ್ಟು ಹರಿಯಬೇಡಿ. ನಾದುವ ರಬ್ಬರನ್ನು (ಹಿಟ್ಟಿನ ಹಾಗೆ ಮೆತ್ತಗಿರುವ, ಅಳಿಸುವ ರಬ್ಬರ್) ಚೂಪಾಗಿ ಹಿಸುಕಿ, ಬೆಳಕು ಬೇಕಾದ ಕಡೆ ಉಜ್ಜದೆ ಒತ್ತಿ ಎತ್ತಿ. ಸ್ವಲ್ಪ ಬೆಳಕು ವಾಪಸ್ ಬರುತ್ತದೆ.