ಫುಟ್‌ಬಾಲ್ ನಗೆಚಿತ್ರಕ್ಕೆ ಕಲಾ ಗ್ಯಾಲರಿಯಲ್ಲಿ ಜಾಗವಿಲ್ಲವೇ?

ಪ್ರಶ್ನೆ: ಹಳೆಯ ಪ್ರಸಿದ್ಧ ಕಲಾಕೃತಿಗಳೊಳಗೆ ಫುಟ್‌ಬಾಲ್ ಆಟಗಾರರನ್ನೂ ರೆಫರಿಗಳನ್ನೂ ತಂದು ಕೂರಿಸಿ, ಕಂಪ್ಯೂಟರಿನಲ್ಲಿ ಹಾಸ್ಯಚಿತ್ರಗಳನ್ನು ರಚಿಸುತ್ತೇನೆ. ಕಲಾವಲಯದ ಹಮ್ಮನ್ನು ಪ್ರಶ್ನಿಸುವುದು ನನ್ನ ಉದ್ದೇಶ. ಒಂದು ಪ್ರದರ್ಶನಕ್ಕೆ ಕಳುಹಿಸಿದಾಗ ‘ತಮಾಷೆಯಾಗಿದೆ, ಆದರೆ ಕಲೆಯಲ್ಲ’ ಎಂಬ ಉತ್ತರ ಬಂತು. ತಪ್ಪು ಯಾವುದರದು? ಫುಟ್‌ಬಾಲಿನದೇ, ನಗುವಿನದೇ, ಕಂಪ್ಯೂಟರಿನದೇ?

ಉತ್ತರ: ಮೂರರಲ್ಲಿ ಯಾವುದರದೂ ಅಲ್ಲ. ಉಂಬೆರ್ಟೊ ಬೊಚ್ಚೋನಿ 1913ರಲ್ಲಿ ಫುಟ್‌ಬಾಲ್ ಆಟಗಾರನ ಚಲನೆಯನ್ನೇ ವಸ್ತುವಾಗಿಸಿಕೊಂಡು ರಚಿಸಿದ ಚಿತ್ರ ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ. ನಗುವನ್ನು ನೋಡಿದರೆ, ಮೊನಾಲಿಸಾಳ ಅಂಚೆಕಾರ್ಡಿನ ಮೇಲೆ ಫ್ರೆಂಚ್ ಕಲಾವಿದ ಮಾರ್ಸೆಲ್ ಡುಶಾಂಪ್ ಮೀಸೆ ಬರೆದದ್ದು 1919ರಷ್ಟು ಹಿಂದೆ. ಮೌರಿಜಿಯೊ ಕಟ್ಟೆಲಾನ್ ಅವರಂತೂ 1991ರಲ್ಲಿ ಒಂದೊಂದು ಕಡೆ ಹನ್ನೊಂದು ಮಂದಿ ನಿಂತು ಆಡಬಹುದಾದಷ್ಟು ಉದ್ದದ ಮೇಜಿನ ಫುಟ್‌ಬಾಲನ್ನೇ ಕಲಾಕೃತಿಯಾಗಿ ಮುಂದಿಟ್ಟರು. 2021ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಬೀಪಲ್ ಎಂಬ ಕಲಾವಿದರ ಡಿಜಿಟಲ್ ಕೃತಿ 6.9 ಕೋಟಿ ಡಾಲರಿಗೂ ಮಿಕ್ಕಿ ಮಾರಾಟವಾದ ಮೇಲೆ ಕಂಪ್ಯೂಟರನ್ನು ದೂರುವಂತೆಯೂ ಇಲ್ಲ.

ಹಾಗಿದ್ದೂ ನಿಮ್ಮ ಚಿತ್ರಗಳನ್ನು ಅವರು ನಿರಾಕರಿಸಿದ್ದಾರೆಂದರೆ, ಆಕ್ಷೇಪ ಇರುವುದು ತಮಾಷೆಯ ಬಗ್ಗೆ ಅಲ್ಲ, ತಮಾಷೆ ಮಾಡಲು ಯಾರಿಗೆ ಅಧಿಕಾರವಿದೆ ಎಂಬುದರ ಬಗ್ಗೆ. ಹೆಸರಾಂತರು ನಕ್ಕರೆ ವ್ಯಾಖ್ಯಾನ, ಹೆಸರಿಲ್ಲದವರು ನಕ್ಕರೆ ಚೇಷ್ಟೆ. ನೀವು ಚುಚ್ಚಬೇಕಾದ ಜಾಗ ಇದೇ ಎಂದು ನನಗನ್ನಿಸುತ್ತದೆ. (ನಿಮ್ಮ ಚಿತ್ರಗಳು ನಿಜಕ್ಕೂ ಸಾಧಾರಣವಾಗಿದ್ದಿರಲೂಬಹುದು, ನಿರಾಕರಣೆಯೆಲ್ಲ ಹಮ್ಮಿನಿಂದಲೇ ಬರುವುದಿಲ್ಲ.)

ಆಟಗಾರನ ಮುಖವನ್ನು ಕತ್ತರಿಸಿ ಯಾವುದೋ ರಾಣಿಯ ಕುತ್ತಿಗೆಗೆ ಅಂಟಿಸಿದರೆ ಆ ನಗು ಕ್ಷಣದಲ್ಲಿ ಮುಗಿದುಹೋಗುತ್ತದೆ, ಏಕೆಂದರೆ ಅಲ್ಲಿ ಆಟಕ್ಕೂ ಚಿತ್ರಕ್ಕೂ ಒಳಸಂಬಂಧವಿಲ್ಲ. ಬದಲಿಗೆ ಜಾಕ್ ಲೂಯಿ ದಾವಿದ್ 1793ರಲ್ಲಿ ಚಿತ್ರಿಸಿದ, ಕೊಲೆಯಾದ ಫ್ರೆಂಚ್ ಕ್ರಾಂತಿಕಾರಿ ಮರಾನ ಚಿತ್ರವನ್ನು ತೆಗೆದುಕೊಳ್ಳಿ. ಆತ ಸ್ನಾನದ ತೊಟ್ಟಿಯಲ್ಲಿ ಒರಗಿದ್ದಾನೆ, ಎಡಗೈಯಲ್ಲಿ ಕಾಗದವಿದೆ, ಕೆಳಕ್ಕೆ ಜೋತುಬಿದ್ದ ಬಲಗೈಯಲ್ಲಿ ಇನ್ನೂ ಲೇಖನಿ ಇದೆ. ಪಂದ್ಯ ಮುಗಿಸಿ ಮಂಜುಗಡ್ಡೆಯ ನೀರಿನಲ್ಲಿ ಕುಳಿತ ಆಟಗಾರನನ್ನು ಅಲ್ಲಿಟ್ಟರೆ ಹೊಸದಾಗಿ ಏನನ್ನೂ ಸೇರಿಸಬೇಕಿಲ್ಲ: ಆ ಕಾಗದ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ವರ್ಗಾವಣೆಯ ಕರಾರುಪತ್ರವಾಗುತ್ತದೆ, ಲೇಖನಿ ಸಹಿಗಾಗಿ ಕಾದಿರುತ್ತದೆ. ಕರಾರಿನ ಸಣ್ಣ ಅಕ್ಷರಗಳಲ್ಲಿ ಏಜೆಂಟರ ಪಾಲಿನ ಜೊತೆಗೇ ಗ್ಯಾಲರಿಯ ಕಮಿಷನ್ನನ್ನೂ ಬರೆದುಬಿಡಿ. ಫುಟ್‌ಬಾಲಿನಲ್ಲಿ ಹಣದ್ದೇ ದರ್ಬಾರು ಎಂದು ಮೂಗು ಮುರಿಯುವ ಕಲಾವಲಯದಲ್ಲೂ ಮಧ್ಯವರ್ತಿಗಳಿದ್ದಾರೆ, ಪೈಪೋಟಿಯ ಖರೀದಿದಾರರಿದ್ದಾರೆ, ಮಾಡಿದ ಖರ್ಚಿಗೆ ಸಂಬಂಧವೇ ಇಲ್ಲದ ಬೆಲೆಗಳಿವೆ. ಪಂದ್ಯ ನೋಡಲು ಮೈದಾನದ ಕಡೆಗೆ ಧಾವಿಸುವ ಜನಸಾಮಾನ್ಯರನ್ನು ಎಲ್. ಎಸ್. ಲೌರಿ 1953ರಲ್ಲಿ ಚಿತ್ರಿಸಿದ್ದರು. 1999ರಲ್ಲಿ ಇಂಗ್ಲೆಂಡಿನ ವೃತ್ತಿಪರ ಆಟಗಾರರ ಸಂಘ 19 ಲಕ್ಷ ಪೌಂಡಿಗೆ ಕೊಂಡಿದ್ದ ಆ ಚಿತ್ರ 2022ರ ಹರಾಜಿನಲ್ಲಿ 78 ಲಕ್ಷ ಪೌಂಡಿಗೆ ಹೋಯಿತು. ಇಷ್ಟು ಲಾಭಕ್ಕೆ ಆಟಗಾರನನ್ನು ಮಾರುವ ಕ್ಲಬ್ಬನ್ನು ನಾವು ವ್ಯಾಪಾರಿ ಎನ್ನುತ್ತೇವೆ.

ಗುರಿ ತಪ್ಪದಂತೆಯೂ ನೋಡಿಕೊಳ್ಳಿ. ಟಿಕೆಟ್ ಕೊಂಡು ಗ್ಯಾಲರಿಯೊಳಗೆ ಬಂದು, ಅರ್ಥವಾಗದೆ ಸಂಕೋಚದಿಂದ ನಿಲ್ಲುವ ಪ್ರೇಕ್ಷಕನನ್ನು ಗೇಲಿ ಮಾಡಿದರೆ ನೀವೂ ಹಮ್ಮಿನವರ ಪಕ್ಷ ಸೇರಿದಂತಾಗುತ್ತದೆ.

ಮುಂದಿನ ಅರ್ಜಿಯಲ್ಲಿ ‘ಕಲಾವಲಯದ ಹಮ್ಮನ್ನು ಪ್ರಶ್ನಿಸುವ ಕೃತಿ’ ಎಂಬ ವಿವರಣೆ ಬೇಡ. ಮೂಲ ಚಿತ್ರದ ಹೆಸರು, ವರ್ಷ, ನಿಮ್ಮ ಚಿತ್ರದ ಅಳತೆ ಇಷ್ಟನ್ನು ಮಾತ್ರ, ಮ್ಯೂಸಿಯಂನ ಫಲಕಗಳಲ್ಲಿರುವ ಅದೇ ಗಂಭೀರ ಧಾಟಿಯಲ್ಲಿ ಬರೆದು ಕಳುಹಿಸಿ.