ಮಂಡ್ಯದ ಹೊಲದಲ್ಲಿ ಡೈನೋಸಾರ್ ಮೂಳೆ ಸಿಗುತ್ತಾ?

ಪಾಂಡವಪುರದ ಹತ್ತಿರ ನಿಮ್ಮ ಹೊಲ ಉಳುವಾಗ ಮೂಳೆ ಥರದ ಬಿಳಿ ಕಲ್ಲುಗಳು ಸಿಕ್ಕಿವೆ, ಮಗಳಿಗೆ ಡೈನೋಸಾರ್ ಹುಚ್ಚು, ಇವು ಅದರವೇ ಇರಬಹುದಾ, ಅಲ್ಲದಿದ್ದರೆ ಎಲ್ಲಿ ಹೋಗಿ ಕೂಡಿಸಬಹುದು ಅಂತ ಕೇಳಿದ್ದೀರಿ.

ಡೈನೋಸಾರ್‌ದಲ್ಲ. ಫೋಟೋ ನೋಡದೆಯೇ ಹೇಳುತ್ತೇನೆ. ನಮ್ಮ ಕಡೆ ಮಣ್ಣಿನ ಕೆಳಗೆ ಹೆಚ್ಚಾಗಿ ಇರುವುದು ನೈಸ್ ಎನ್ನುವ ಪಟ್ಟೆಪಟ್ಟೆ ಬೂದುಗಲ್ಲು. ವಯಸ್ಸು ಸುಮಾರು 300 ಕೋಟಿ ವರ್ಷ. ಚಾಮುಂಡಿ ಬೆಟ್ಟದ ಗ್ರಾನೈಟ್ ಇದರ ಮುಂದೆ ಎಳೆಯದು, ಆದರೂ 80 ಕೋಟಿ ವರ್ಷದ ಆಸುಪಾಸು. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ, ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಅವು ಇಲ್ಲಿ ಓಡಾಡಿಯೇ ಇರಬಹುದು. ಆದರೆ ಓಡಾಡಿದರೆ ಸಾಲದು. ಸತ್ತ ಪ್ರಾಣಿ ಬೇಗ ಕೆಸರಲ್ಲಿ ಹೂತುಹೋಗಬೇಕು, ಮೇಲೆ ಪದರಗಳು ಕೂರಬೇಕು, ಆ ಕೆಸರೇ ಕಲ್ಲಾಗಬೇಕು. ಆ ಕಾಲದ ಅಂಥ ಪದರ ನಮ್ಮಲ್ಲಿ ಇಲ್ಲ.

ಹಾಗಾದರೆ ನಿಮಗೆ ಸಿಕ್ಕಿದ್ದೇನು? ಬಹುಶಃ ಸುಣ್ಣದ ಗಡ್ಡೆ. ಮಳೆ ಕಡಿಮೆ ಇರುವ ಕಡೆ ಮಣ್ಣಿನೊಳಗಿನ ನೀರು ಆರಿ ಸುಣ್ಣ ಉಳಿದುಬಿಡುತ್ತದೆ. ಅದು ಗಿಡದ ಬೇರಿನ ಸುತ್ತ ಕಟ್ಟಿಕೊಂಡು ಬೇರು ಕೊಳೆತುಹೋದರೆ ನಡುವೆ ತೂತಿರುವ ಕೊಳವೆ ಸಿಗುತ್ತದೆ. ಥೇಟ್ ಬೆರಳಿನ ಮೂಳೆ! ಒಂದನ್ನು ಪುಡಿ ಮಾಡಿ ವಿನೆಗರ್ ಹಾಕಿ ನೋಡಿ. ಬುಸ್ ಅಂತ ನೊರೆ ಬಂದರೆ ಸುಣ್ಣ. ನೊರೆ ಬರದೆ, ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂದರೆ ಯಾವುದೋ ದನದ ಮೂಳೆ, ಅದೂ ಹಳೆಯದೇನಲ್ಲ.

ಮಗಳಿಗೆ ನಿಜವಾದ ಮೂಳೆ ತೋರಿಸಬೇಕು ಅಂದರೆ ಹೈದರಾಬಾದಿಗೆ ಕರೆದುಕೊಂಡು ಹೋಗಿ. ಅಲ್ಲಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಕೋಟಾಸಾರಸ್ ಎನ್ನುವ ಡೈನೋಸಾರ್‌ನ ಅಸ್ಥಿಪಂಜರ ನಿಂತಿದೆ, ಜುರಾಸಿಕ್ ಕಾಲದ್ದು, ಆದಿಲಾಬಾದ್ ಕಡೆ ಅಗೆದು ತೆಗೆದದ್ದು. ಮಂಡ್ಯ ಮೇಲೆಯೇ ಕಾಚಿಗುಡ ರೈಲು ಹೋಗುತ್ತದೆ, ರಾತ್ರಿ ಮಲಗಿದರೆ ಬೆಳಿಗ್ಗೆ ಅಲ್ಲಿ. ದೂರ ಹೋಗುವ ಮನಸ್ಸಿದ್ದರೆ ಗುಜರಾತಿನ ಬಾಲಾಸಿನೋರ್ ಹತ್ತಿರದ ರೈಯೋಲಿ. ನೆಲದಲ್ಲೇ ಮೊಟ್ಟೆ, ಮೂಳೆ ಎರಡೂ ಕಾಣುತ್ತವೆ. ರಾಜಾಸಾರಸ್ ಎನ್ನುವ ಡೈನೋಸಾರ್‌ನ ಮೂಳೆ ಸಿಕ್ಕಿದ್ದು ಅಲ್ಲೇ, 2003ರಲ್ಲಿ ಅದಕ್ಕೆ ಹೆಸರಿಟ್ಟರು. ಆದರೆ ಅಲ್ಲಿಂದ ಒಂದು ಚೂರೂ ಜೇಬಿಗೆ ಹಾಕಿಕೊಳ್ಳಬೇಡಿ, ಅದು ಕಾಪಾಡಿರುವ ಜಾಗ.

ಆನ್‌ಲೈನಲ್ಲಿ ಕೊಳ್ಳುವುದಾ? ನಾನಂತೂ ಬೇಡ ಅಂತೀನಿ. ಮೊರಾಕ್ಕೋದಿಂದ ಬರುವ ಸ್ಪೈನೋಸಾರಸ್ ಹಲ್ಲುಗಳು ಅಗ್ಗ, ಆದರೆ ಒಂದರ ತುದಿಗೆ ಇನ್ನೊಂದರ ಬುಡ ಅಂಟಿಸಿ, ಗೋಂದಿಗೆ ಮರಳು ಬೆರೆಸಿ ಬಿರುಕು ಮುಚ್ಚಿದವು ಬೇಕಾದಷ್ಟಿವೆ. ದುಡ್ಡಿದ್ದವರೂ ಸಿಕ್ಕಿಹಾಕಿಕೊಂಡಿದ್ದಾರೆ. ಹಾಲಿವುಡ್ ನಟ ನಿಕೋಲಸ್ ಕೇಜ್ 2007ರಲ್ಲಿ 2,76,000 ಡಾಲರ್ ಕೊಟ್ಟು ಹರಾಜಿನಲ್ಲಿ ಒಂದು ಡೈನೋಸಾರ್ ತಲೆಬುರುಡೆ ಕೊಂಡಿದ್ದ. ಅದು ಮಂಗೋಲಿಯಾದಿಂದ ಕದ್ದು ಸಾಗಿಸಿದ್ದು ಅಂತ ಆಮೇಲೆ ಗೊತ್ತಾಗಿ, 2015ರಲ್ಲಿ ವಾಪಸ್ ಕೊಡಲು ಒಪ್ಪಿಕೊಂಡ.

ಕಲ್ಲು ಕೂಡಿಸುವ ಹುಚ್ಚೇ ಆದರೆ ನಮ್ಮ ನೆಲ ಬಡವೇನಲ್ಲ. ಸರಗೂರು ಕಡೆಯ ಬಂಡೆಗಳಲ್ಲಿ ನೀಲಿ ಬಣ್ಣದ ಕಯನೈಟ್ ಎನ್ನುವ ಖನಿಜ ಇದೆ, ಕುರುಂದದ ಕಲ್ಲೂ ಇದೆ. ಕೆಂಪು ಬಣ್ಣದ ಒಳ್ಳೆ ಕುರುಂದವೇ ಮಾಣಿಕ್ಯ, ಅದೃಷ್ಟ ಇದ್ದರೆ ನೋಡಿ! ಸಿಕ್ಕ ಕಲ್ಲು ಯಾವುದು ಅಂತ ತಿಳಿಯದಿದ್ದರೆ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದಲ್ಲಿ ಕೇಳಿ ನೋಡಬಹುದು. ಎಲ್ಲಿಂದ ಎತ್ತಿಕೊಂಡದ್ದು, ಯಾವ ದಿನ ಅಂತ ಒಂದು ಚೀಟಿ ಬರೆದು ಪ್ರತಿ ಕಲ್ಲಿನ ಜೊತೆ ಇಡಿ, ಇಲ್ಲದಿದ್ದರೆ ಅವರಿಗೂ ಹೇಳೋದು ಕಷ್ಟ. ಬೇರೆಯವರ ಜಮೀನಾದರೆ ಮೊದಲು ಕೇಳಿ. ಕಾಡಿನೊಳಗೆ ಮಾತ್ರ ಸುತ್ತಿಗೆ ಹಿಡಿದು ಹೋಗಬೇಡಿ, ಕೇಸ್ ಆಗುತ್ತದೆ.