"ಜಪಾನೀಸ್ ಓದಿ ಏನು ಮಾಡ್ತಾಳೆ ಮೇಡಂ?"

ಹೆಸರು, ಮನೆಯ ವಿವರ ಬದಲಿಸಿದ್ದೇನೆ. ಸಂಧ್ಯಾ ದ್ವಿತೀಯ ಪಿಯುಸಿ, ಕಲಾ ವಿಭಾಗ. ಮುಂದೇನು ಓದಬೇಕು ಅಂತ ಸಲಹೆ ಕೇಳಲು ಜುಲೈನಲ್ಲಿ ಅಪ್ಪ ಅಮ್ಮನ ಜೊತೆ ನನ್ನ ಹತ್ತಿರ ಬಂದಳು. ಅಪ್ಪನದು ಹಾರ್ಡ್‌ವೇರ್ ಅಂಗಡಿ. ಕೂತ ಕೂಡಲೇ ಅವರೇ ಶುರು ಮಾಡಿದರು: "ದೆಹಲಿಗೆ ಹೋಗಿ ಜಪಾನೀಸ್ ಓದ್ತಾಳಂತೆ. ಬಿ.ಕಾಂ. ಮಾಡು ಅಂದ್ರೆ ಊಟ ಬಿಡ್ತಾಳೆ. ನೀವೇ ಬುದ್ಧಿ ಹೇಳಿ."

ಅವರನ್ನು ಹೊರಗೆ ಕೂರಿಸಿ ಅವಳನ್ನು ಕೇಳಿದೆ. ಮಾತಿಲ್ಲ. ಆಮೇಲೆ ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಯೂಟ್ಯೂಬ್ ನೋಡಿ ಬರೆದ 46 ಹಿರಗಾನ ಅಕ್ಷರಗಳು, ಅಂದರೆ ಜಪಾನೀಸ್‌ನ ಮೂಲ ಅಕ್ಷರಮಾಲೆ. ಒಂದೊಂದರ ಕೆಳಗೂ ಪೆನ್ಸಿಲ್‌ನಲ್ಲಿ ಕನ್ನಡ: ಅ, ಇ, ಉ, ಎ, ಒ. ಕ, ಕಿ, ಕು, ಕೆ, ಕೊ. "ನಮ್ಮ ಕಾಗುಣಿತದ ಥರಾನೇ ಇದೆ ಅಲ್ವಾ ಮೇಡಂ, ಯಾಕೆ?" ಅಂದಳು.

ಎಂಥ ಒಳ್ಳೆ ಪ್ರಶ್ನೆ! ಬೌದ್ಧ ಭಿಕ್ಷುಗಳ ಜೊತೆ ಸಂಸ್ಕೃತದ ಅಕ್ಷರ ಪಾಠ ಚೀನಾ ದಾಟಿ ಜಪಾನಿಗೆ ಹೋಯಿತು. ಈ ಜೋಡಣೆಯ ಮೇಲೆ ಅದರ ನೆರಳಿದೆ. ಸರಸ್ವತಿಯೂ ಅದೇ ದಾರಿಯಲ್ಲಿ ಹೋಗಿ ಅಲ್ಲಿ ಬೆಂಜೈತೆನ್ ಆದಳು. ಕೈಯಲ್ಲಿ ವೀಣೆಯ ಬದಲು ಬಿವಾ ಅನ್ನೋ ಜಪಾನಿ ತಂತಿವಾದ್ಯ. ಏಷ್ಯಾದ ಭಾಷೆ, ಸಂಸ್ಕೃತಿಗಳ ಅಧ್ಯಯನದಲ್ಲಿ ಸಿಗುವುದು ಇದೇ ಅಂತ ನಾನು ನಂಬಿದ್ದೇನೆ. ನಾಲ್ಕು ಮಾತು ಆಡೋದನ್ನ ಮೊಬೈಲ್ ಆಪ್ ಕೂಡ ಕಲಿಸುತ್ತದೆ. ಇಂಥ "ಯಾಕೆ"ಗಳ ಹಿಂದೆ ವರ್ಷಗಟ್ಟಲೆ ಬೀಳಲು ಮೇಷ್ಟ್ರು, ಲೈಬ್ರರಿ, ಜೊತೆಯ ಹುಡುಗರು ಬೇಕು.

ಅಪ್ಪನ ಭಯವೂ ಸುಳ್ಳಲ್ಲ. ಅವರಿಗೆ ನೇರವಾಗಿಯೇ ಹೇಳಿದೆ. ಬರೀ ಪದವಿ ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಜಪಾನೀಸ್ ಪರೀಕ್ಷೆಯಲ್ಲಿ ಐದು ಹಂತ. ಎನ್5 ಸುಲಭದ್ದು, ಎನ್1 ಕೊನೆಯದು. ಅನುವಾದದ ಕೆಲಸಕ್ಕೆ ಎನ್2 ಆದರೂ ಬೇಕು. ದಿನಬಳಕೆಗೆ ಅಂತ ಜಪಾನ್ ಸರ್ಕಾರ ಗುರುತಿಸಿದ ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳೇ 2136. ಸುಮ್ನೆ ಆಸೆ ಇದ್ದರೆ ಸಾಲದು. ಆದರೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ (ಜೆಎನ್‌ಯು) ಜಪಾನೀಸ್ ಬಿ.ಎ. ಆನರ್ಸ್‌ಗೆ ಮೊದಲೇ ಭಾಷೆ ಬರಬೇಕು ಅಂತಿಲ್ಲ, ಸಿಯುಇಟಿ ಅನ್ನೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅಲ್ಲಿನ ಫೀಸು ಎಷ್ಟು ಕಡಿಮೆ ಅಂತ ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಈಗಲೇ ತೀರ್ಮಾನ ಬೇಡ ಅಂದೆ. ಸಂಧ್ಯಾ ಡಿಸೆಂಬರಿನಲ್ಲಿ ಬೆಂಗಳೂರಲ್ಲಿ ಎನ್5 ಬರೆಯಲಿ. ಅಲ್ಲಿವರೆಗೆ ದಿನಾ ಒಂದು ಗಂಟೆ, ಪಿಯುಸಿ ಪಾಠ ಬಿಡದೆ. ಕಷ್ಟದ ದಿನಗಳಲ್ಲೂ ಪುಸ್ತಕ ತೆಗೆಯುತ್ತಾಳಾ ಅನ್ನೋದು ಅವಳಿಗೇ ಗೊತ್ತಾಗುತ್ತದೆ. ಸಿಯುಇಟಿ ಅರ್ಜಿಯ ಮಾತು ಆಮೇಲೆ. ಸೀಟು ಸಿಗದಿದ್ದರೆ ಬಿ.ಕಾಂ. ಜೊತೆಗೇ ಭಾಷೆ ಮುಂದುವರಿಸಬಹುದು, ಅದನ್ನು ಸೋಲು ಅಂದುಕೊಳ್ಳಬಾರದು. ಇನ್ನೊಂದು ಮಾತು ಅವಳಿಗೆ ಮಾತ್ರ ಹೇಳಿದೆ: ಊಟ ಬಿಡಬೇಡ, ಕಲಿತದ್ದನ್ನು ಅಪ್ಪನಿಗೆ ಹೇಳು.

ಜನವರಿ ಕೊನೆಯಲ್ಲಿ ಫೋನ್ ಬಂತು, ಅಪ್ಪನದೇ. ಎನ್5 ಪಾಸು. "ಮೇಡಂ, ಅವರ ಭಾಷೇಲೂ ಕ್ರಿಯಾಪದ ನಮ್ಮ ಥರ ಕೊನೇಲೇ ಬರುತ್ತಂತೆ. ಅಂಗಡೀಲಿ ಕೂತು ಹೇಳಿಕೊಟ್ಟಳು. ಸಿಯುಇಟಿಗೆ ಯಾವಾಗ ಅರ್ಜಿ ಹಾಕಬೇಕು?"